ನೀರು ನೋಡಿಕೊಂಡು ನಡೆಯುವುದು
(ಗಂಗಾವತಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿಲೋಮೀಟರ್. 1968ರಲ್ಲಿ ಕಾನೂನು ಮಾಡಿ ಅದಕ್ಕೆ ರಾಷ್ಟ್ರೀಯ ಕಾಲುದಾರಿಯ ಸ್ಥಾನ ಕೊಟ್ಟರು. ಪೂರ್ತಿ ನಡೆಯುವವರಿಗೆ ಐದು ತಿಂಗಳ ಹತ್ತಿರ ಬೇಕು. ನಾನು ನಡೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ತುಂಡು ಮಾತ್ರ. ಅದರಲ್ಲೂ ಇವತ್ತು ಒಂದೇ ದಿನದ ಬಗ್ಗೆ ಮಾತಾಡುತ್ತೇನೆ. ಬೆಳಿಗ್ಗೆ ಹಿಮ, ಸಂಜೆ ಮರುಭೂಮಿ. ಅಂಥ ದಿನ ಅದು.

ಅಲ್ಲಿ ಸ್ಯಾನ್ ಹಸಿಂಟೊ ಅಂತ ಬೆಟ್ಟ, 3,302 ಮೀಟರ್ ಎತ್ತರ. ದಾರಿ ತುದಿಗೆ ಹೋಗುವುದಿಲ್ಲ, ಭುಜದ ಮೇಲೆ ಹಾದು ಕೆಳಗಿನ ಕಣಿವೆಗೆ ಇಳಿಯುತ್ತದೆ. ಮೇಲೆ ಒಂದು ಸಣ್ಣ ಹೊಳೆ ಸಿಗುತ್ತದೆ. ಅದನ್ನು ದಾಟಿದರೆ ಮುಂದೆ ಸುಮಾರು 30 ಕಿಲೋಮೀಟರ್ ನಂಬಬಹುದಾದ ನೀರಿಲ್ಲ. ಕಣಿವೆಯಲ್ಲಿ ದಾರಿ ಪಕ್ಕ ಒಂದು ನಲ್ಲಿ ಇದೆ, ಅಷ್ಟೇ.

ಹಾಗಾಗಿ ಆ ದಿನದ ಭವಿಷ್ಯ ಬೆಳಿಗ್ಗೆಯೇ ಹೊಳೆ ದಂಡೆಯಲ್ಲಿ ತೀರ್ಮಾನ ಆಗುತ್ತದೆ. ಹಿಮ ಕರಗಿ ಹರಿಯುವ ನೀರು. ಅದನ್ನು ಮೆತ್ತಗಿನ ಚೀಲಕ್ಕೆ ತುಂಬಬೇಕು, ಬಾಯಿಗೆ ಫಿಲ್ಟರ್ ತಿರುಗಿಸಿ ಹಾಕಬೇಕು, ಬಾಟಲಿಗೆ ಹಿಂಡಬೇಕು. ಎರಡನೇ ಲೀಟರಿಗೆ ಬೆರಳು ಮರಗಟ್ಟುತ್ತವೆ. ಬಾಯಾರಿಕೆ ಇರುವುದಿಲ್ಲ, ಮೈ ನಡುಗುತ್ತಿರುತ್ತದೆ. ಸಾಕು, ಹೊರಡೋಣ ಅನಿಸುತ್ತದೆ. ಆದರೂ ಕೂತು ಐದು ಲೀಟರ್ ತುಂಬಿಸಿಕೊಂಡೇ ಏಳಬೇಕು. ಐದು ಲೀಟರ್ ಅಂದರೆ ಐದು ಕೆಜಿ. ಟೆಂಟು, ಹಾಸಿಗೆ, ಊಟದ ಜೊತೆ ಅದೂ ಬೆನ್ನ ಮೇಲೆ.

ಇಳಿತ ಎರಡು ಸಾವಿರ ಮೀಟರಿಗೂ ಜಾಸ್ತಿ. ಸಾವಿರ ಮೀಟರ್ ಇಳಿದರೆ ಆರು ಡಿಗ್ರಿಯಷ್ಟು ಸೆಕೆ ಏರುತ್ತದೆ. ಹೊತ್ತು ಏರಿದ ಹಾಗೆ ಬಿಸಿಲೂ ಏರುತ್ತದೆ. ಎರಡೂ ಸೇರಿ ಮೈಮೇಲೆ ಬೀಳುತ್ತವೆ. ಮೊದಲು ಪೈನ್ ಮರಗಳು ಮುಗಿಯುತ್ತವೆ. ಆಮೇಲೆ ಆಳೆತ್ತರದ ಒರಟು ಪೊದೆ. ಕೊನೆಗೆ ಕಳ್ಳಿ. ಈ ದಾರಿಯಲ್ಲಿ ಕುದುರೆಗಳೂ ಓಡಾಡುತ್ತವೆ. ಅದಕ್ಕೇ ಇಳಿಜಾರು ಕಡಿದಾಗಿಲ್ಲ, ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುತ್ತದೆ. ಕಣಿವೆಯ ಗಾಳಿಯಂತ್ರಗಳು ಕಣ್ಣೆದುರೇ ತಿರುಗುತ್ತಿರುತ್ತವೆ. ಗಂಟೆಗಟ್ಟಲೆ ನಡೆದರೂ ಹತ್ತಿರ ಬರುವುದಿಲ್ಲ. ಮಧ್ಯಾಹ್ನ ಒಂದು ದೊಡ್ಡ ಬಂಡೆಯ ನೆರಳಿಗೆ ಸೇರಿಕೊಂಡೆ. ನೆರಳು ಸರಿದ ಹಾಗೆ ನಾನೂ ಸರಿಯುತ್ತಾ ಕೂತೆ. ಬಂಡೆಗಳ ನಡುವೆ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಬಿಸಿಲು ತಗ್ಗಿದ ಮೇಲೆ ಎದ್ದು, ಕತ್ತಲಾಗುವ ಹೊತ್ತಿಗೆ ನಲ್ಲಿ ಮುಟ್ಟಿದೆ. ಬಾಟಲಿಯಲ್ಲಿ ಇನ್ನೂ ನಾಲ್ಕು ಗುಟುಕು ಉಳಿದಿತ್ತು.

ಆ ಕಣಿವೆ ಯಾಕೆ ಅಷ್ಟು ಒಣಗಿದೆ? ಸಮುದ್ರದ ಮೋಡಗಳನ್ನು ಬೆಟ್ಟಸಾಲು ತಡೆಯುತ್ತದೆ. ಆ ಕಡೆ ಮಳೆ, ಈ ಕಡೆ ಬರೀ ಗಾಳಿ. ಪಕ್ಕದ ಪಾಮ್ ಸ್ಪ್ರಿಂಗ್ಸ್ ಊರಿಗೆ ವರ್ಷಕ್ಕೆ 150 ಮಿಲಿಮೀಟರ್ ಮಳೆಯೂ ಇಲ್ಲ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯೂ ಹೀಗೇ ಸಹ್ಯಾದ್ರಿಯ ಮಳೆ ನೆರಳಿನಲ್ಲಿವೆ. ನಮಗೆ ಸುಮಾರು 600 ಮಿಲಿಮೀಟರ್ ಬೀಳುತ್ತದೆ, ಅಷ್ಟು ವ್ಯತ್ಯಾಸ. ಒಣ ನಾಡಿನಲ್ಲಿ ನೀರು ಎಲ್ಲಿದೆಯೋ ಅದರ ಮೇಲೇ ನಡಿಗೆಯ ಲೆಕ್ಕ.

ಈ ಲೆಕ್ಕ ನಮ್ಮ ಜನಕ್ಕೆ ಯಾವತ್ತಿನಿಂದಲೋ ಗೊತ್ತು. ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ, ಅಂದರೆ ದೇವರ ಹೆಸರಿನ ಕೋಲು, ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ಹೋಗುವವರನ್ನು ರಾಯಚೂರು ಕಡೆ ನೋಡಿರುತ್ತೀರಿ. ಸುಡುವ ಬಿಸಿಲಲ್ಲಿ ಬಯಲು ಸೀಮೆ ದಾಟಿ, ಕೊನೆಗೆ ನಲ್ಲಮಲದ ಕಾಡು, ಗುಡ್ಡ ಹತ್ತುತ್ತಾರೆ. ನಸುಕಿಗೆ ಎದ್ದು ಹೊರಡುತ್ತಾರೆ. ಹೊತ್ತೇರಿದರೆ ಬೇವಿನ ಮರದಡಿ ಕೂರುತ್ತಾರೆ. ಸಂಜೆ ಮತ್ತೆ ನಡೆಯುತ್ತಾರೆ. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತೂಕ ಕಡಿಮೆ, ಕೆಡುವುದಿಲ್ಲ, ಒಲೆ ಬೇಕಿಲ್ಲ. ದೂರ ನಡೆಯುವವರಿಗೆ ಇದಕ್ಕಿಂತ ಒಳ್ಳೆ ಬುತ್ತಿ ನಾನಂತೂ ಕಂಡಿಲ್ಲ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ ಹಿಡಿದು ನಿಂತಿರುತ್ತಾರೆ. ಆ ಮಜ್ಜಿಗೆಯ ಉಪ್ಪು ಸುಮ್ನೆ ರುಚಿಗಲ್ಲ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತುತ್ತದೆ, ವಾಂತಿ ಆಗುತ್ತದೆ, ಪ್ರಾಣಕ್ಕೂ ಕುತ್ತು ಬರಬಹುದು. ಅಮೆರಿಕದ ನಡಿಗೆಯವರು ಇದಕ್ಕೆ ದುಡ್ಡು ಕೊಟ್ಟು ಉಪ್ಪಿನ ಪುಡಿ ಕೊಳ್ಳುತ್ತಾರೆ.

ಇನ್ನು ಇಲ್ಲೇ ಗಂಗಾವತಿ ಹತ್ತಿರದ ನಮ್ಮ ಹಿರೇಬೆಣಕಲ್. ಗುಡ್ಡದ ಮೇಲೆ ಶಿಲಾಯುಗದ ನಂತರ ಬಂದ ಕಬ್ಬಿಣ ಯುಗದ ಜನ ಕಟ್ಟಿದ ಕಲ್ಲಿನ ಮನೆಯಂಥ ಸಮಾಧಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು, ನೂರಾರು ಇವೆ. ನಮ್ಮವರು ಮೋರೇರ ಗುಡ್ಡ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಎಲ್ಲರೂ ಆ ಕಲ್ಲುಗಳ ಫೋಟೊ ತೆಗೆಯುತ್ತಾರೆ. ನಾನು ಕೇಳಿಕೊಳ್ಳುವುದು, ಅಲ್ಲೇ ಇರುವ ಕೆರೆಯನ್ನೂ ನಿಂತು ನೋಡಿ. ಅಂಥ ಬೋಳು ಬಂಡೆಗುಡ್ಡದ ಮೇಲೆ ನೀರು ನಿಲ್ಲುವ ಜಾಗ! ಜನ ಅದರ ಪಕ್ಕದಲ್ಲೇ ಅಷ್ಟು ದೊಡ್ಡ ಕೆಲಸ ಮಾಡಿದರು.

ನಮ್ಮ ಗುಡ್ಡಗಳಲ್ಲೂ ಗುರುತು ಹಾಕಿದ ಕಾಲುದಾರಿ ಆಗಬೇಕು ಅಂತ ನನಗೆ ಬಹಳ ಆಸೆ. ಅದಕ್ಕೆ ಮೊದಲು ಯಾವ ಬಾವಿ, ಬಂಡೆಯ ಮೇಲೆ ನೀರು ನಿಲ್ಲುವ ಯಾವ ದೊಣೆಯಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ ಅಂತ ಪಟ್ಟಿ ಬೇಕು. ಕುರಿ ಕಾಯುವವರಿಗೆ ಅದೆಲ್ಲ ಬಾಯಿಪಾಠ. ಅವರ ಹತ್ತಿರ ಕೇಳಿ ಬರೆದುಕೊಳ್ಳಬೇಕು. ಡಿಸೆಂಬರಿನಲ್ಲಿ ಹಿರೇಬೆಣಕಲ್ಲಿನಿಂದಲೇ ಶುರು ಮಾಡೋಣ. ನಸುಕಿಗೆ ಹೊರಡೋಣ. ತಲೆಗೆ ಟವೆಲ್ಲು, ತಲಾ ಮೂರು ಲೀಟರ್ ನೀರು, ಮನೆಯಿಂದ ರೊಟ್ಟಿ. ಕರಡಿ, ಚಿರತೆ ಓಡಾಡುವ ಸೀಮೆ, ಬೆಳಕಿರುವಾಗಲೇ ಇಳಿದುಬಿಡಬೇಕು. ಕಲ್ಲುಗಳ ಮೇಲೆ ಯಾರೂ ಹತ್ತುವ ಹಾಗಿಲ್ಲ. ಬರುವವರು ಈಗಲೇ ಹೆಸರು ಬರೆಸಿ. ಜೊತೆಗೆ ನಿಮ್ಮೂರಿನ ಸುತ್ತ ಗೊತ್ತಿರುವ ಒಂದು ನೀರಿನ ಜಾಗವನ್ನೂ ಬರೆಸಿ.