ಆ ಡಬ್ಬಿ ಯಾಕೆ ಅಕ್ಕಿ ಡ್ರಮ್ಮಿನಲ್ಲಿದೆ?

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಎಚ್‌ಐವಿ ಮಾತ್ರೆ ಫ್ರೀ. ದಿನಕ್ಕೆ ಒಂದು ನುಂಗೋಕೆ ಏನು ಕಷ್ಟ? ಔಷಧಿ ಹತ್ತಲಿಲ್ಲ ಅಂದ್ರೆ ಅದು ಅವರ ಬೇಜವಾಬ್ದಾರಿ." ಅದಕ್ಕೆ ಲೈಕ್ ಬೇರೆ! ಓದಿ ಮೈ ಉರಿದುಹೋಯಿತು.

ಫ್ರೀ, ಹೌದು. 2004ರ ಏಪ್ರಿಲ್‌ನಿಂದ ಕೊಡುತ್ತಿದ್ದಾರೆ, ಶುರುವಿನ ರಾಜ್ಯಗಳಲ್ಲೇ ಕರ್ನಾಟಕ ಇತ್ತು. ಒಂದೇ ಮಾತ್ರೆ, ಅದೂ ಹೌದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಒಂದರಲ್ಲೇ. ಎಆರ್‌ಟಿ ಅಂದರೆ ಎಚ್‌ಐವಿಗೆ ಕೊಡುವ ಔಷಧಿ ಚಿಕಿತ್ಸೆ, ಅದರ ಸೆಂಟರ್‌ನಲ್ಲಿ ಈ ಮಾತ್ರೆಗೆ ಟಿಎಲ್‌ಡಿ ಅನ್ನುತ್ತಾರೆ. ಒಳ್ಳೆಯ ಔಷಧಿ. ಆದರೆ ಕದ್ದುಮುಚ್ಚಿ ನುಂಗಬೇಕಾದ ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗುವುದಿಲ್ಲ. ನನ್ನ ಮಾತು ಇಷ್ಟೇ.

ನನಗೆ ಗೊತ್ತಿರುವ ಅಕ್ಕ ಒಬ್ಬರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ 30 ಮಾತ್ರೆ. ಬ್ಯಾಗ್‌ನಲ್ಲಿಟ್ಟು ನಡೆದರೆ ಗಲಗಲ ಅನ್ನುತ್ತದೆ. ಬಸ್ ಸ್ಟ್ಯಾಂಡ್‌ನಲ್ಲೇ ಲೇಬಲ್ ಕಿತ್ತು, ಒಳಗೆ ಹತ್ತಿ ತುರುಕುತ್ತಾರೆ. ಮನೆಯಲ್ಲಿ ಅದು ಅಕ್ಕಿ ಡ್ರಮ್ಮಿನ ತಳ ಸೇರುತ್ತದೆ. ಒಮ್ಮೆ ಊರಿಂದ ಅತ್ತೆ ಬಂದು ಹತ್ತು ದಿನ ಅಡುಗೆಮನೆಯಲ್ಲೇ ಮಲಗಿದರು. ಹತ್ತು ದಿನ ಮಾತ್ರೆ ಇಲ್ಲ. ಇದು ಬೇಜವಾಬ್ದಾರಿನಾ?

ರಕ್ತದಲ್ಲಿ ಔಷಧಿ ಇಳಿದರೆ ವೈರಸ್ ಮತ್ತೆ ಚಿಗುರುತ್ತದೆ. ಹೀಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ, ರೂಪ ಬದಲಿಸಿಕೊಂಡ ವೈರಸ್ಸೇ ಉಳಿದು ಬೆಳೆಯುತ್ತದೆ. ಲ್ಯಾಮಿವುಡಿನ್ ನಾಟದ ಹಾಗಾಗಲು ವೈರಸ್‌ನಲ್ಲಿ ಒಂದೇ ಒಂದು ಬದಲಾವಣೆ ಸಾಕು. ಡೊಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ, ನಿಜ. ಆದರೆ ಅದೂ ಹೊಟ್ಟೆಗೆ ಹೋಗಬೇಕಲ್ವಾ?

ಇನ್ನೊಬ್ಬರು ಬರೆದಿದ್ದಾರೆ, "ಬೇರೆ ಔಷಧಿಗಳಿಂದಲೂ ತೊಂದರೆ ಆಗುತ್ತೆ, ಅದನ್ನೂ ಹೇಳಿ." ಹೇಳುತ್ತೇನೆ ಬನ್ನಿ. ಟಿಬಿಗೆ ರಿಫಾಂಪಿಸಿನ್ ಕೊಟ್ಟರೆ ಡೊಲುಟೆಗ್ರಾವಿರ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಅದಕ್ಕೇ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಕೊಡುತ್ತಾರೆ. ಗ್ಯಾಸ್‌ಗೆ ಕುಡಿಯುವ ಆಂಟಾಸಿಡ್ ಸಿರಪ್ ಈ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತದೆ. ಮಾತ್ರೆ ನುಂಗಿ 2 ಗಂಟೆ ಆದ ಮೇಲೆ ಸಿರಪ್ ಕುಡಿಯಬೇಕು. ಸಿರಪ್ ಮೊದಲು ಕುಡಿದಿದ್ದರೆ ಮಾತ್ರೆಗೆ 6 ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಹಾಗೇ, ಊಟದ ಜೊತೆಯಾದರೆ ಒಟ್ಟಿಗೆ ಪರವಾಗಿಲ್ಲ.

ಈಗ ಹೇಳಿ. ಮೆಡಿಕಲ್ ಶಾಪ್‌ನಲ್ಲಿ ಸಿರಪ್ ಕೇಳುವಾಗ "ನಾನು ಎಆರ್‌ಟಿ ತಗೋತಿದ್ದೀನಿ" ಅಂತ ಯಾರು ಬಾಯಿ ಬಿಡುತ್ತಾರೆ? ಹಿಂದೆ ಪಕ್ಕದ ಮನೆಯವರು ನಿಂತಿರುತ್ತಾರೆ! ನೋಡಿ, ಸುತ್ತಿ ಬಳಸಿ ಅಲ್ಲಿಗೇ ಬಂತು. ಮುಚ್ಚಿಡುವುದು. ಪರೀಕ್ಷೆ ಮಾಡಿಸಲು ಹೆದರಿ ತಡ ಮಾಡಿ, ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, ಪಾತಾಳಕ್ಕೆ ಇಳಿದ ಮೇಲೆ ಬರುತ್ತಾರಲ್ಲ, ಅದೂ ಮುಚ್ಚಿಡುವುದೇ. ಹತ್ತಿರದ ಸೆಂಟರ್ ಬಿಟ್ಟು ಕೂಲಿ ಕಳೆದುಕೊಂಡು ಬೇರೆ ಜಿಲ್ಲೆಗೆ ಹೋಗುತ್ತಾರಲ್ಲ, ಅದೂ!

ಹಾಂ, ಹೊಸಬರು ಸಬ್‌ಸ್ಕ್ರೈಬ್ ಆಗಿ. ಈ ವಿಡಿಯೋ ನಿಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೇ ಹಾಕಿ, ಅಲ್ಲಿಗೇ ಮೊದಲು ಹೋಗಬೇಕು. ಯಾರಿಗಾದರೂ ಮಾಹಿತಿ ಬೇಕಿದ್ದರೆ 1097, ಉಚಿತ ಸಹಾಯವಾಣಿ.

"ಹಾಗಾದರೆ ನಮಗೂ ಹರಡಲಿ ಅಂತೀರಾ?" ಅಂತ ಇನ್ನೊಬ್ಬರು. ಸ್ವಾಮಿ, ಮಾತ್ರೆ ಬಿಡದೆ ತೆಗೆದುಕೊಂಡು ವೈರಸ್ ಪರೀಕ್ಷೆಯಲ್ಲಿ ಸಿಗದಷ್ಟು ಇಳಿದರೆ, ದೈಹಿಕ ಸಂಬಂಧದಿಂದಲೂ ಹರಡುವುದಿಲ್ಲ. ತಟ್ಟೆ ಲೋಟದಿಂದ ಯಾವತ್ತೂ ಹರಡಿಲ್ಲ! ಆದರೂ ತಟ್ಟೆ ಬೇರೆ ಇಡುತ್ತೀರಿ. ಕೆಲಸದಿಂದ ತೆಗೆಯಬಾರದು, ಗುಟ್ಟು ಬಯಲು ಮಾಡಬಾರದು ಅಂತ 2017ರಲ್ಲೇ ಕಾನೂನು ಬಂದಿದೆ. ಆದರೂ ಅಕ್ಕ ಹತ್ತಿ ತುರುಕುವುದು ನಿಂತಿಲ್ಲ.

ಆ ಕಾಮೆಂಟ್ ಡಿಲೀಟ್ ಮಾಡಿಲ್ಲ, ಪಿನ್ ಮಾಡಿದ್ದೇನೆ. ಬರೆದವರೇ, ನಿಮ್ಮ ಮನೆಯಲ್ಲಿ ಬಿಪಿ ಮಾತ್ರೆ ಟಿವಿ ಪಕ್ಕ ಇರುತ್ತದೆ, ಶುಗರ್ ಮಾತ್ರೆ ಊಟದ ತಟ್ಟೆ ಪಕ್ಕ. ಈ ಡಬ್ಬಿ ಅಲ್ಲಿ ಇಡಲು ಬಿಡುತ್ತೀರಾ? ಹೌದು ಅಥವಾ ಇಲ್ಲ, ಕೆಳಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.