ಬಸ್ಸು ಇಲ್ಲೂ 'ಬಸು': ಕ್ಯೋಟೊದಲ್ಲಿ ನನ್ನ ಮೊದಲ ವಾರ

ವಿಡಿಯೊ ಸ್ವಲ್ಪ ಅಲುಗಾಡುತ್ತಿದೆ, ಬೇಜಾರು ಮಾಡ್ಕೋಬೇಡಿ. ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ಫೋನು. ಈಗ ಕಾಣುತ್ತಿರುವುದು ಕನ್ಸಾಯ್ ವಿಮಾನ ನಿಲ್ದಾಣ. ಒಸಾಕಾ ಕೊಲ್ಲಿಗೆ ಮಣ್ಣು ತುಂಬಿಸಿ, ದ್ವೀಪ ಮಾಡಿ, ಅದರ ಮೇಲೆ ಕಟ್ಟಿದ್ದಾರೆ. ಶುರುವಾಗಿದ್ದು 1994ರಲ್ಲಿ. ಇಳಿಯುವಾಗ ಕಿಟಕಿ ತುಂಬ ನೀರೇ ನೀರು. ಸಮುದ್ರಕ್ಕೇ ಇಳಿಸುತ್ತಾರೇನೋ ಅಂತ ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಾನು ಲಿಖಿತಾ. ಒಂದು ವರ್ಷಕ್ಕೆ ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಜಪಾನಿಗೆ ಬಂದಿದ್ದೇನೆ. ಈ ಹೆಸರು ನೆನಪಿಟ್ಟುಕೊಳ್ಳಿ, ಇನ್ನು ಸ್ವಲ್ಪ ಹೊತ್ತಿಗೆ ಅದು ಬದಲಾಗುತ್ತದೆ.

ಇಮಿಗ್ರೇಷನ್‌ನಲ್ಲಿ ಕ್ಯಾಮೆರಾ ತೆಗೆಯುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೀ ಮಾತು. ಬೆರಳಚ್ಚು ಕೊಟ್ಟೆ, ಫೋಟೊ ತೆಗೆದರು, ಅಲ್ಲೇ ರೆಸಿಡೆನ್ಸ್ ಕಾರ್ಡ್ ಕೈಗೆ ಬಂತು. ಹೊರಗೆ ಹೋದಾಗಲೆಲ್ಲ ಇದು ಜೊತೆಗಿರಬೇಕು, ಅದು ಕಾನೂನು. ಪಾರ್ಟ್‌ಟೈಮ್ ಕೆಲಸಕ್ಕೆ ಅನುಮತಿ ಬೇಕಿದ್ದರೆ ಆ ಅರ್ಜಿಯನ್ನೂ ಇಲ್ಲೇ ಕೊಟ್ಟುಬಿಡಿ. ಕ್ಲಾಸು ನಡೆಯುವ ಸಮಯದಲ್ಲಿ ವಾರಕ್ಕೆ 28 ಗಂಟೆ, ಅಷ್ಟೇ. ಕಾರ್ಡಿನಲ್ಲಿ ವಿಳಾಸದ ಜಾಗದಲ್ಲಿ ಎರಡು ಅಕ್ಷರ ಕಂಡವು. ಫೋನಿನಲ್ಲಿ ಅನುವಾದ ಮಾಡಿ ನೋಡಿದೆ. 'ಇನ್ನೂ ತೀರ್ಮಾನವಾಗಿಲ್ಲ' ಅಂತಿತ್ತು. ಆ ಗಳಿಗೆಯಲ್ಲಿ ನನ್ನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಕ್ಯೋಟೊಗೆ ಹರುಕಾ ಅನ್ನುವ ರೈಲು, ಸುಮಾರು ಒಂದೂಕಾಲು ಗಂಟೆ. ದಾರಿಯ ಶಾಟ್ ಯಾವುದೂ ಇಲ್ಲ. ನಿದ್ದೆ ಹೊಡೆದೆ.

ಇದು ನನ್ನ ರೂಮು. ಮಂಚ ಇದೆ, ಹಾಸಿಗೆ ಇಲ್ಲ, ನೋಡಿ. ಹಾಸಿಗೆ ಬಾಡಿಗೆಗೆ ಬೇಕು ಅಂತ ಮೊದಲೇ ತಿಳಿಸಬೇಕಿತ್ತಂತೆ. ಆ ಈಮೇಲ್ ಬಂದಿತ್ತು, ನಾನು ತೆರೆದಿರಲಿಲ್ಲ. ಮೊದಲ ರಾತ್ರಿ ಬಟ್ಟೆಗಳನ್ನೆಲ್ಲ ಹರವಿಕೊಂಡು, ಜಾಕೆಟ್ ಹೊದ್ದು ಮಲಗಿದೆ. ಯಾರಿಗೂ ಹೇಳಲಿಲ್ಲ. ಈಗ ಎಲ್ಲರಿಗೂ ಗೊತ್ತಾಯಿತು.

ಮೂರನೇ ದಿನ ವಾರ್ಡ್ ಆಫೀಸಿಗೆ ಹೋದೆ. ಉಳಿಯುವ ಮನೆ ಸೇರಿದ 14 ದಿನದೊಳಗೆ ಇಲ್ಲಿ ವಿಳಾಸ ಬರೆಸಬೇಕು. ಟೋಕನ್ ತೆಗೆದುಕೊಂಡು ಕೂತೆ. ಫಾರಂನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಲದು, ಕತಕಾನಾದಲ್ಲೂ ಬೇಕು. ಅದು ಹೊರದೇಶದ ಪದಗಳಿಗೆ ಬಳಸುವ ಲಿಪಿ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಬಾಯಿಂದ ಎರಡು ಸಲ ಹೆಸರು ಹೇಳಿಸಿಕೊಂಡು, ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ರಿಕಿತಾ. ಜಪಾನಿಯಲ್ಲಿ ಲ ಇಲ್ಲ, ರ ಮಾತ್ರ. ಮಹಾಪ್ರಾಣವೂ ಇಲ್ಲ, ಹಾಗಾಗಿ ಖ ಹೋಗಿ ಕ ಆಯಿತು. 'ಬರೆದದ್ದು' ಅಂತ ಅರ್ಥವಿರುವ ಹೆಸರನ್ನೇ ತಿದ್ದಿ ಬರೆದರಲ್ಲ ಅಂತ ನಗು ಬಂತು. ಒಂದು ಮಾತು: ಇಲ್ಲಿ ಹೇಗೆ ಬರೆಸುತ್ತೀರೋ ಬ್ಯಾಂಕಿನಲ್ಲೂ ಹಾಗೇ ಬರೆಸಿ. ಒಂದು ಗೆರೆ ಹೆಚ್ಚುಕಮ್ಮಿ ಆದರೂ ಮತ್ತೆ ಓಡಾಟ.

ಆಮೇಲೆ ಪಕ್ಕದ ಕೌಂಟರ್. ಮೂರು ತಿಂಗಳಿಗಿಂತ ಜಾಸ್ತಿ ಇರುವವರು ಆರೋಗ್ಯ ವಿಮೆಗೆ ಸೇರಲೇಬೇಕು. ಸೇರಿದರೆ ಆಸ್ಪತ್ರೆಯ ಬಿಲ್ಲಿನಲ್ಲಿ ನಮ್ಮ ಪಾಲು 30 ಶೇಕಡಾ. ಅದರ ಮುಂದಿನ ಕೌಂಟರಿನಲ್ಲಿ ಪಿಂಚಣಿ! 20ರಿಂದ 59 ವರ್ಷದವರೆಲ್ಲ ಅದಕ್ಕೂ ಸೇರಬೇಕು. ಓದುವವರು ಕಂತು ಕಟ್ಟೋಕೆ ಆಗಲ್ಲ ಅಂತ ಅರ್ಜಿ ಹಾಕಬಹುದು, ಹಾಕಿದೆ.

ಕಾಯುತ್ತಾ ಕೂತಾಗ ಕತಕಾನಾ ಪಟ್ಟಿ ತೆಗೆದೆ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಜೋರಾಗಿ ಓದಿಕೊಳ್ಳಿ. ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಕ, ಚ, ತ, ನ, ಪ, ಮ, ಯ, ರ, ವ. ಬೌದ್ಧ ಸನ್ಯಾಸಿಗಳು ಸಂಸ್ಕೃತ ಕಲಿಯುತ್ತಿದ್ದ ಕಾಲದಲ್ಲಿ ಈ ಅನುಕ್ರಮ ಇಲ್ಲಿಗೆ ಬಂತು. ಒಂದನೇ ಕ್ಲಾಸಿನ ಅಕ್ಷರಮಾಲೆ ವಾರ್ಡ್ ಆಫೀಸಿನ ಬೆಂಚಿನಲ್ಲಿ ಸಿಕ್ಕಿತು.

ಇನ್ನೊಂದಿದೆ. ಸ್ಕೂಲಿನಲ್ಲಿ ನಾನು 'ಬಸ್ಸು', 'ಬ್ಯಾಗು' ಅಂದರೆ ಕೆಲವರು ನಗುತ್ತಿದ್ದರು. ಕೊನೆಗೆ ಉ ಹಚ್ಚಬೇಡ, ಇಂಗ್ಲಿಷ್ ಸರಿಯಾಗಿ ಮಾತಾಡು ಅಂತ. ಇಲ್ಲಿ ನೋಡಿದರೆ ಬಸ್ಸಿಗೆ 'ಬಸು', ಬ್ಯಾಗಿಗೆ 'ಬಗ್ಗು', ಹೋಟೆಲಿಗೆ 'ಹೊತೆರು', ಮಿಲ್ಕಿಗೆ 'ಮಿರುಕು'. ಒಂದು ದೇಶಕ್ಕೆ ದೇಶವೇ ಉ ಹಚ್ಚುತ್ತದೆ! ನಾಲಿಗೆ ತಿರುಚಿ ಇಂಗ್ಲಿಷ್ ಆಡಿದಾಗ ಅಂಗಡಿಯವರು ಕಣ್ಣು ಕಣ್ಣು ಬಿಟ್ಟರು. ನನ್ನ ಹಳೆಯ ಕನ್ನಡದ ಉಚ್ಚಾರಣೆಯಲ್ಲಿ ಹೇಳಿದೆ, ತಕ್ಷಣ ಅರ್ಥವಾಯಿತು.

ಕಸದ ಬಗ್ಗೆ ಬೇರೆ ವಿಡಿಯೊ ಮಾಡುತ್ತೇನೆ, ಅದು ದೊಡ್ಡ ಕಥೆ. ಸದ್ಯಕ್ಕೆ ಇಷ್ಟು: ಕ್ಯೋಟೊದಲ್ಲಿ ಸುಡುವ ಕಸಕ್ಕೆ ಹಳದಿ ಚೀಲ, ಮರುಬಳಕೆಯದಕ್ಕೆ ಪಾರದರ್ಶಕ ಚೀಲ. ದುಡ್ಡು ಕೊಟ್ಟು ಕೊಳ್ಳಬೇಕು.

ಇದು ಐದನೇ ದಿನ, ಬಸ್ ಸ್ಟಾಪು. ಇಲ್ಲಿ ಸಿಟಿ ಬಸ್ಸನ್ನು ಹಿಂಬಾಗಿಲಲ್ಲಿ ಹತ್ತಬೇಕು, ಇಳಿಯುವಾಗ ಮುಂದೆ ದುಡ್ಡು ಹಾಕಬೇಕು. ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಮನಸ್ಸಿನಲ್ಲೇ ವಾಕ್ಯ ಜೋಡಿಸಿದೆ. ಕನ್ನಡದ ಹಾಗೇ ಕ್ರಿಯಾಪದ ಕೊನೆಗೆ, ಪ್ರಶ್ನೆ ಅದಕ್ಕಿಂತ ಕೊನೆಗೆ. 'ಕೊನೊ ಬಸು ವ ಕ್ಯೋಟೊ ಎಕಿ ನಿ ಇಕಿಮಸ್ ಕಾ?' ಈ ಬಸ್ಸು ಕ್ಯೋಟೊ ಸ್ಟೇಷನ್‌ಗೆ ಹೋಗುತ್ತಾ? ಒಂದೊಂದು ಪದವೂ ಕನ್ನಡದ ಜಾಗದಲ್ಲೇ ಕೂತಿತ್ತು.

ಅಜ್ಜಿಯ ಮುಖ ಅರಳಿತು. ನನಗೆ ಜಪಾನಿ ಚೆನ್ನಾಗಿ ಬರುತ್ತದೆ ಅಂದುಕೊಂಡರೋ ಏನೋ. ಬೆರಳು ಆ ಕಡೆ ತೋರಿಸಿ, ಈ ಕಡೆ ತೋರಿಸಿ, ಎರಡು ನಿಮಿಷ ಒಂದೇ ಸಮ ಮಾತಾಡಿದರು. ಕೊನೆಗೆ 'ಮಸ್' ಅಂತ ಬಂತು. ವಾಕ್ಯ ಮುಗಿಯಿತು ಅಂತ ಗೊತ್ತಾಯಿತು. ತಲೆ ಬಗ್ಗಿಸಿ ನಮಸ್ಕರಿಸಿ, ಬಂದ ಬಸ್ಸು ಹತ್ತಿದೆ.

ಅದು ಸ್ಟೇಷನ್‌ಗೆ ಹೋಗಲಿಲ್ಲ.