ಸೊಳ್ಳೆಗೂ ಸುಣ್ಣಕಟ್ಟು

ಎಲ್ಲರಿಗೂ ನಮಸ್ಕಾರ.

ರೇಷ್ಮೆ ಬೆಳೆಗಾರರಾದ ನಿಮಗೆ ಸುಣ್ಣಕಟ್ಟು ರೋಗದ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ಚಳಿ, ತೇವ ಸೇರಿತೆಂದರೆ ಹುಳು ಸೊಪ್ಪು ಬಿಡುತ್ತದೆ, ಸಾಯುತ್ತದೆ, ಆಮೇಲೆ ಸೆಟೆದು ಸೀಮೆಸುಣ್ಣದ ಕಡ್ಡಿಯಂತಾಗುತ್ತದೆ. ಅದಕ್ಕೆ ಕಾರಣ ಬ್ಯುವೇರಿಯಾ ಬಾಸಿಯಾನ ಎಂಬ ಶಿಲೀಂಧ್ರ. ರೋಗ ತರುವುದು ಕಣ್ಣಿಗೆ ಕಾಣದ ಜೀವಿ ಎಂದು 1835ರಲ್ಲೇ ತೋರಿಸಿಕೊಟ್ಟವರು ಇಟಲಿಯ ಅಗೊಸ್ಟಿನೊ ಬಾಸ್ಸಿ. ರೋಗಾಣುಗಳ ಅಧ್ಯಯನಕ್ಕೆ ಹೆಸರಾದ ಲೂಯಿ ಪಾಶ್ಚರ್ ಆಗ ಇನ್ನೂ ಹುಡುಗ.

ಇಂಥ ಬೂಷ್ಟನ್ನೇ ಮಲೇರಿಯಾ ಸೊಳ್ಳೆಯ ಮೇಲೆ ಬಿಟ್ಟರೆ? ಸೊಳ್ಳೆ ಅದನ್ನು ತಿನ್ನಬೇಕಾಗಿಲ್ಲ, ಅದನ್ನು ಬಳಿದ ಗೋಡೆಯ ಮೇಲೆ ಕೂತರೆ ಸಾಕು. ಕಾಲಿಗಂಟಿದ ಬೀಜಕ, ಅಂದರೆ ಬೂಷ್ಟಿನ ಬೀಜದಂಥ ಕಣ, ಮೊಳೆಯುತ್ತದೆ, ಕಿಣ್ವ ಸುರಿಸಿ ಹೊರಕವಚ ಮೆತ್ತಗೆ ಮಾಡಿ, ಒತ್ತಿ ಒಳಗೆ ನುಗ್ಗಿ, ಮೈಯೊಳಗಿನ ದ್ರವದಲ್ಲಿ ಬೆಳೆಯುತ್ತದೆ. ಸೊಳ್ಳೆ ಸಾಯಲು ಒಂದೆರಡು ವಾರ ಹಿಡಿಯಬಹುದು.

ಕೀಟನಾಶಕ ಹೊಡೆದು ರೂಢಿಯಾದವರಿಗೆ ಇದು ತೀರಾ ನಿಧಾನ ಅನ್ನಿಸುತ್ತದೆ. ನನ್ನ ಮಟ್ಟಿಗೆ ಆ ನಿಧಾನವೇ ಇದರ ದೊಡ್ಡ ಗುಣ. ರೋಗಿಯ ರಕ್ತದ ಜೊತೆ ಹೊಟ್ಟೆ ಸೇರಿದ ಮಲೇರಿಯಾ ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿ ತಲುಪಲು ಸುಮಾರು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಸೊಳ್ಳೆ ಕಚ್ಚಿದರೂ ಮಲೇರಿಯಾ ಹರಡುವುದಿಲ್ಲ. ಅಷ್ಟರೊಳಗೆ ಸತ್ತರೆ ನಮ್ಮ ಕೆಲಸ ಆಯಿತು. ಈ ನಡುವೆ ಅದು ಒಂದೆರಡು ಸಲ ಮೊಟ್ಟೆ ಇಟ್ಟರೆ ಇಡಲಿ ಬಿಡಿ. ಕೀಟನಾಶಕ ಹಾಗಲ್ಲ: ಎಳೆಯ ಸೊಳ್ಳೆಗಳನ್ನೆಲ್ಲ ಒಮ್ಮೆಲೇ ಕೊಲ್ಲುತ್ತದೆ, ವಿಷಕ್ಕೆ ಜಗ್ಗದವು ಮಾತ್ರ ಉಳಿದು ಸಂತಾನ ಬೆಳೆಸುತ್ತವೆ. ಆಫ್ರಿಕಾದಲ್ಲಿ ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳಿಗೆ ಆದದ್ದೇ ಇದು. ಮೊಟ್ಟೆಗೆ ಅವಕಾಶ ಕೊಟ್ಟು ಕೊಲ್ಲುವ ಶಿಲೀಂಧ್ರಕ್ಕೆ ಅಂಥ ನಿರೋಧ ಹುಟ್ಟುವುದು ತಡವಾದೀತು ಎಂಬ ಲೆಕ್ಕಾಚಾರವಿದೆ.

ಟಾಂಜಾನಿಯಾದ ಹಳ್ಳಿಮನೆಗಳಲ್ಲಿ ಮೆಟಾರೈಝಿಯಂ ಎಂಬ ಇಂಥದ್ದೇ ಇನ್ನೊಂದು ಶಿಲೀಂಧ್ರದ ಬೀಜಕ ಸವರಿದ ಕಪ್ಪು ಬಟ್ಟೆ ತೂಗುಹಾಕಿ ನೋಡಿದರು. ಹಿಡಿದ ಸೊಳ್ಳೆಗಳಲ್ಲಿ ಶೇ. 23ರಷ್ಟಕ್ಕೆ ಸೋಂಕು ತಗಲಿತ್ತು. ಇದು 2005ರಲ್ಲಿ ಪ್ರಕಟವಾದ ಸಂಗತಿ. 2019ರಲ್ಲಿ ಬುರ್ಕಿನಾ ಫಾಸೊದಿಂದ ಬಂದ ವರದಿ ಇನ್ನೂ ಸ್ವಾರಸ್ಯದ್ದು. ಆಸ್ಟ್ರೇಲಿಯಾದ ಜೇಡವೊಂದರ ವಿಷದ ಜೀನನ್ನು ಶಿಲೀಂಧ್ರಕ್ಕೆ ಸೇರಿಸಿದ್ದರು. ಕೀಟದ ಮೈಯೊಳಗೆ ಹೋದ ಮೇಲಷ್ಟೇ ಅದು ವಿಷ ತಯಾರಿಸುತ್ತದೆ. ಬಲೆ ಕಟ್ಟಿದ ಆವರಣದಲ್ಲಿ 45 ದಿನ ಕಳೆದಾಗ ಶಿಲೀಂಧ್ರವಿಲ್ಲದ ಕಡೆ 1,396 ಸೊಳ್ಳೆ, ಸಾಮಾನ್ಯ ಶಿಲೀಂಧ್ರವಿದ್ದ ಕಡೆ 455, ಜೇಡದ ವಿಷವಿದ್ದ ಕಡೆ ಬರೀ 13.

ಹಾಗಿದ್ದರೆ ಮನೆಮನೆಗೆ ಯಾಕೆ ಬಂದಿಲ್ಲ? ಬೀಜಕಕ್ಕೆ ಜೀವ ಇದೆ, ಅದೇ ತೊಡಕು. ಬಿಸಿಲು, ಸೆಕೆಗೆ ಅದರ ಕಸುವು ಇಳಿಯುತ್ತದೆ, ಮತ್ತೆ ಮತ್ತೆ ಬಳಿಯಬೇಕು. ಹೊಲದಲ್ಲಿ ಗೊಣ್ಣೆಹುಳುವಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಮೆಟಾರೈಝಿಯಂ ಹಾಕುವವರಿಗೆ ಮಣ್ಣಿನ ತಂಪಾದರೂ ಇರುತ್ತದೆ, ಗೋಡೆಯಲ್ಲಿ ಅದೂ ಇಲ್ಲ.

ನಮ್ಮ ಸೀಮೆಗೆ ಇನ್ನೊಂದು ಪೇಚು. ಬ್ಯುವೇರಿಯಾ ಇರಲಿ, ಮೆಟಾರೈಝಿಯಂ ಇರಲಿ, ಎರಡೂ ರೇಷ್ಮೆ ಹುಳುವನ್ನು ಬಿಡುವುದಿಲ್ಲ. ಎರಡನೆಯದು ಹಸಿರು ಸುಣ್ಣಕಟ್ಟು ತರುತ್ತದೆ. ನಿಮ್ಮಲ್ಲಿ ವಾಸದ ಮನೆಯಲ್ಲೇ ಹುಳು ಸಾಕುವವರೂ ಇದ್ದೀರಿ. ಮುಂದೆಂದಾದರೂ ಗೋಡೆಗೆ ಬಳಿಯಲು ಯಾರಾದರೂ ಬಂದರೆ, ಈ ತಳಿಯನ್ನು ರೇಷ್ಮೆ ಹುಳುವಿನ ಮೇಲೆ ಪರೀಕ್ಷೆ ಮಾಡಿದ್ದೀರಾ ಎಂದು ಬಾಗಿಲಲ್ಲೇ ಕೇಳಿ.